ಯಾವ ಸೌಮ್ಯ?

ಪಿಎಚ್.ಡಿ.ಗೆ ಸೇರಿದ ಎರಡನೆಯ ವರ್ಷದ ಕೊನೆಯಲ್ಲಿ ನಾನೊಂದು ವೀರಗಲ್ಲನ್ನು ‘ಪತ್ತೆ’ ಮಾಡಿದೆ. ಪತ್ತೆ ಎಂಬ ಮಾತನ್ನು ಈಗ ಬರೆಯುವಾಗ ಕೈ ತಡೆಯುತ್ತದೆ. ಮಂಡ್ಯ ಜಿಲ್ಲೆಯ ಒಂದು ಊರಿನ ಕೆರೆ ಏರಿಯ ಪಕ್ಕ, ಹುಣಸೆಮರದ ಬುಡದಲ್ಲಿದ್ದ ಕಲ್ಲು ಅದು. ಊರಿನವರೆಲ್ಲ ಹುಟ್ಟಿದಾಗಿನಿಂದ ನೋಡುತ್ತ ಬಂದದ್ದು, ಅರಿಶಿನ ಕುಂಕುಮ ಹಚ್ಚಿ ಎಣ್ಣೆ ಎರೆದು ಕಪ್ಪಾಗಿಸಿದ್ದು. ಕಳೆದುಹೋಗಿದ್ದರೆ ತಾನೇ ಪತ್ತೆಯಾಗಬೇಕು? ಆದರೆ ಅದು ಯಾವ ಶಾಸನ ಸಂಪುಟದಲ್ಲೂ ಅಚ್ಚಾಗಿರಲಿಲ್ಲ. ಅಪ್ರಕಟಿತ! ನಮ್ಮ ಕ್ಷೇತ್ರದಲ್ಲಿ ಓಡಾಡುವವರಿಗೆ ಈ ಪದ ಕಿವಿಗೆ ಬಿದ್ದರೆ ಮೈ ಬೆಚ್ಚಗಾಗುತ್ತದೆ.

ಅದಕ್ಕೆ ಕಾರಣವೂ ಇದೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳಲ್ಲಿ ಹತ್ತಿರ ಹತ್ತಿರ ಒಂಬತ್ತು ಸಾವಿರ ಶಾಸನಗಳನ್ನು ಹೊರತಂದರು. ಅವರ ನಂತರ ಆರ್. ನರಸಿಂಹಾಚಾರ್ಯ, ಆರ್. ಶಾಮಾಶಾಸ್ತ್ರಿ, ಎಂ.ಎಚ್. ಕೃಷ್ಣ ಹಳ್ಳಿಹಳ್ಳಿ ತಿರುಗಿ, ಬಿಟ್ಟುಹೋದದ್ದನ್ನೆಲ್ಲ ವಾರ್ಷಿಕ ವರದಿಗಳಲ್ಲಿ ಸೇರಿಸಿದರು. 1972ರಿಂದ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಅದೇ ಸಂಪುಟಗಳನ್ನು ಪರಿಷ್ಕರಿಸಿ, ಹೊಸವನ್ನು ಕೂಡಿಸಿ ಪ್ರಕಟಿಸತೊಡಗಿತು. ಇಷ್ಟು ಜನ ಜರಡಿ ಹಿಡಿದ ನೆಲದಲ್ಲಿ ಒಂದು ಕಲ್ಲು ನನ್ನೊಬ್ಬಳಿಗಾಗಿ ಕಾದು ಕೂತಿತ್ತು ಅಂತ ಇಪ್ಪತ್ತೈದರ ವಯಸ್ಸಿನಲ್ಲಿ ಅನ್ನಿಸುವುದು ಸಹಜ. ಈಗ ಗೊತ್ತು, ಅಂಥ ಕಲ್ಲು ಪ್ರತಿ ತಾಲ್ಲೂಕಿನಲ್ಲೂ ಹತ್ತಾರಿವೆ.

ಕಲ್ಲು ಸುಮಾರು ಅರ್ಧ ನೆಲದಲ್ಲಿ ಹೂತಿತ್ತು. ಮೇಲೆ ಎರಡು ಫಲಕ ಕಾಣುತ್ತಿದ್ದವು. ತುದಿಯಲ್ಲಿ ಲಿಂಗ, ಪೂಜಾರಿ, ಕೈಮುಗಿದು ಕೂತ ವೀರ. ಅದರ ಕೆಳಗೆ ವೀರನನ್ನು ಎರಡೂ ಕಡೆ ತೋಳು ಹಿಡಿದು ಮೇಲಕ್ಕೊಯ್ಯುತ್ತಿರುವ ಅಪ್ಸರೆಯರು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕಾಳಗ ಕೆಳಗೆ, ಸ್ವರ್ಗ ಮೇಲೆ. ಇದನ್ನು ನಾನು ಮೊದಲ ವರ್ಷದ ಕೋರ್ಸ್‌ವರ್ಕ್‌ನಲ್ಲೇ ಕಲಿತಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಆದರೆ ನನ್ನ ಕಲ್ಲಿನ ಮುಂದೆ ನಿಂತಾಗ ಕೆಳಗಿನ ಫಲಕ ಮಣ್ಣಿನಲ್ಲಿದೆ ಎಂಬುದು ನನಗೊಂದು ಕೊರತೆಯಾಗಿ ಕಾಣಲೇ ಇಲ್ಲ. ಫಲಕಗಳ ನಡುವಿನ ಪಟ್ಟಿಗಳಲ್ಲಿ ಅಕ್ಷರಗಳಿದ್ದವು. ಸ್ವಸ್ತಿ ಅಂತ ಆರಂಭ, ‘ಸೌಮ್ಯ ಸಂವತ್ಸರ’ ಎಂಬುದು ಸ್ಪಷ್ಟ, ಮಾಸ ಮತ್ತು ತಿಥಿ ಓದಬಹುದು, ವಾರ ಅಳಿಸಿಹೋಗಿದೆ, ಆಮೇಲೆ ಅರ್ಧ ಸವೆದ ಒಂದು ಹೆಸರು. ಶಕವರ್ಷ ಇರಲಿಲ್ಲ. ನನಗೆ ‘ಸೌಮ್ಯ’ ಒಂದೇ ಸಾಕಾಗಿತ್ತು.

ಯಾಕೆ ಸಾಕಾಯಿತು ಅಂದರೆ, ಅದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಪ್ರಸಿದ್ಧ ಕಲ್ಲೂ ಸೌಮ್ಯ ಸಂವತ್ಸರದ್ದೇ. ಅದರಲ್ಲಿ ಎರಡು ಕಥೆಗಳಿವೆ. ಮೊದಲನೆಯದು ದೊಡ್ಡದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ, ಅಂದರೆ ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರ, ಚೋಳರ ಮೇಲೆ ಯುದ್ಧ ಮಾಡಿದ. ಅವನ ಪರವಾಗಿ ನಿಂತ ಗಂಗರ ಇಮ್ಮಡಿ ಬೂತುಗ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಅದಕ್ಕೆ ಮೆಚ್ಚಿ ಕೃಷ್ಣ ಅವನಿಗೆ ಬನವಾಸಿ ಪನ್ನಿರ್ಚಾಸಿರವೂ ಸೇರಿದಂತೆ ಹಲವು ನಾಡುಗಳನ್ನು ಕೊಟ್ಟ. ಎರಡನೆಯ ಕಥೆ ಒಂದು ನಾಯಿಯದು. ಬೂತುಗನ ಕೈಕೆಳಗಿದ್ದ ಮಣಲೇರ ಎಂಬ ವೀರ, ಬೇಕಾದ್ದನ್ನು ಕೇಳು ಎಂದ ಒಡೆಯನ ಬಳಿ ಊರು ಕೇರಿ ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಮುಂದೆ ಒಂದು ಕಾಡುಹಂದಿಯ ಜೊತೆ ಸೆಣಸಿತು, ಎರಡೂ ಸತ್ತವು. ಕಲ್ಲಿನ ಮೇಲೆ ಕೆತ್ತಿರುವುದು ರಾಜಾದಿತ್ಯನ ಸಾವಲ್ಲ, ನಾಯಿ ಮತ್ತು ಹಂದಿಯ ಕಾದಾಟ. ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಉಣ್ಣುವವನಿಗೆ ಪಾಪ ಎಂದೂ ಬರೆಸಿದ್ದಾರೆ. ಸಾಮ್ರಾಜ್ಯಗಳ ಯುದ್ಧವನ್ನು ನಾಯಿಯ ಸಮಾಧಿಗೆ ಪೀಠಿಕೆಯಾಗಿಸಿದ ಈ ಶಾಸನವನ್ನು ಓದಿದವರು ಯಾರೂ ಮರೆಯುವುದಿಲ್ಲ.

ನಾನೂ ಮರೆಯಲಿಲ್ಲ, ಅದೇ ತೊಂದರೆಯಾಯಿತು. ಸೌಮ್ಯ ಸಂವತ್ಸರ, ಕ್ರಿ.ಶ. 949–50. ಅದೇ ಸೀಮೆ. ಮಣಲೇರ ತಕ್ಕೋಲಕ್ಕೆ ಹೋಗಿದ್ದರೆ ಪಕ್ಕದ ಊರಿನವನೂ ಹೋಗಿರಬಾರದೇಕೆ? ನನ್ನ ಕಲ್ಲಿನ ವೀರ ತಕ್ಕೋಲದಲ್ಲಿ ಮಡಿದವನು ಅಂತ ತೀರ್ಮಾನಿಸಿದೆ. ಮೊದಲು ‘ಇರಬಹುದು’ ಅಂತ ಬರೆದುಕೊಂಡಿದ್ದೆ. ಸೆಮಿನಾರಿನ ಪ್ರಬಂಧದಲ್ಲಿ ಅದು ‘ಇರಬೇಕು’ ಆಯಿತು. ಜಿಲ್ಲಾ ಪುಟದ ವರದಿಗಾರರು ಫೋನ್ ಮಾಡಿದಾಗ ‘ಹೌದು’ ಅಂದೆ. ಮರುದಿನದ ಸುದ್ದಿಯಲ್ಲಿ ನನ್ನ ಫೋಟೋ, ಕಲ್ಲಿನ ಫೋಟೋ, ತಕ್ಕೋಲದ ವೀರನ ಕಲ್ಲು ಪತ್ತೆ ಎಂಬ ತಲೆಬರಹ ಇದ್ದವು. ಅಪ್ಪ ಆ ತುಣುಕನ್ನು ಕತ್ತರಿಸಿ ಲ್ಯಾಮಿನೇಷನ್ ಮಾಡಿಸಿ ಟಿವಿಯ ಪಕ್ಕ ನಿಲ್ಲಿಸಿದರು. ಎಂ.ಎ. ಆದ ಮೇಲೂ ಇನ್ನೇನು ಓದುತ್ತಾಳೆ ಅಂತ ಕೇಳುವ ನೆಂಟರಿಗೆ ತೋರಿಸಲು ಅವರಿಗೆ ಕೊನೆಗೂ ಒಂದು ವಸ್ತು ಸಿಕ್ಕಿತ್ತು.

ಮೂರನೆಯ ಅಧ್ಯಾಯದ ಕರಡನ್ನು, ಎಪ್ಪತ್ತು ಪುಟ, ಗೈಡ್‌ ಕೈಗೆ ಕೊಟ್ಟು ಹದಿನೈದು ದಿನ ಕಾದೆ. ಕರೆದರು. ಪುಟಗಳ ಅಂಚಿನಲ್ಲಿ ಪೆನ್ಸಿಲ್ ಗುರುತು ಏನೂ ಇರಲಿಲ್ಲ. ಚೆನ್ನಾಗಿದೆ ಅಂದುಕೊಂಡೆ.

“ಚೆನ್ನಾಗಿ ಬರೆದಿದೀಯಮ್ಮ,” ಅಂದರು. “ಆದ್ರೆ ಇದು ಯಾವ ಸೌಮ್ಯ?”

ನನಗೆ ಪ್ರಶ್ನೆ ಅರ್ಥವಾಯಿತು, ಅರ್ಥವಾದ ಕೂಡಲೇ ಕಿವಿ ಬಿಸಿಯಾಯಿತು. ಸಂವತ್ಸರಗಳು ಅರವತ್ತು. ಪ್ರಭವದಿಂದ ಎಣಿಸಿದರೆ ಸೌಮ್ಯ ನಲವತ್ತಮೂರನೆಯದು. 949ರಲ್ಲಿ ಬಂದ ಸೌಮ್ಯ 1009ರಲ್ಲಿ ಮತ್ತೆ ಬರುತ್ತದೆ, 1069ರಲ್ಲಿ ಇನ್ನೊಮ್ಮೆ. ಹಿಂದಕ್ಕೆ ಹೋದರೆ 889. ಶಕವರ್ಷ ಇಲ್ಲದ ಶಾಸನದಲ್ಲಿ ಸಂವತ್ಸರದ ಹೆಸರು ಎಂದರೆ ‘ಮಂಗಳವಾರ ಸತ್ತ’ ಅಂದ ಹಾಗೆ. ಯಾವ ಮಂಗಳವಾರ? ಇದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಯುಗಾದಿಯ ದಿನ ಅಜ್ಜ ಪಂಚಾಂಗ ಓದುವಾಗಿನಿಂದ ಗೊತ್ತು.

ಅವರು ಅಲ್ಲಿಗೇ ಬಿಡಲಿಲ್ಲ. “ಆತಕೂರಿನ ಶಕವರ್ಷ ಎಷ್ಟು?” “872.” “ಎಪ್ಪತ್ತೆಂಟು ಕೂಡಿಸು.” “950.” “ನೀನು 949–50 ಅಂತ ಬರೆದಿದೀಯ.” ಫ್ಲೀಟ್ ಹಾಗೆ ಕೊಟ್ಟಿದ್ದಾನೆ ಅಂದೆ. “ಯಾಕೆ ಕೊಟ್ಟಿದ್ದಾನೆ?” ನಾನು ಸುಮ್ಮನಾದೆ. ಶಕವರ್ಷವನ್ನು ಕಳೆದ ವರ್ಷಗಳ ಲೆಕ್ಕದಲ್ಲೂ ಹೇಳಬಹುದು, ನಡೆಯುತ್ತಿರುವ ವರ್ಷದ ಲೆಕ್ಕದಲ್ಲೂ ಹೇಳಬಹುದು. ಆತಕೂರಿನದು ನಡೆಯುತ್ತಿದ್ದ ವರ್ಷ, ಅದಕ್ಕೇ ಒಂದು ಕಡಿಮೆ. ಹಾಗೆಂದು ತೋರಿಸಿಕೊಡುವುದು ಜೊತೆಗಿರುವ ಸಂವತ್ಸರದ ಹೆಸರು. ಎರಡೂ ಇದ್ದಾಗ ಒಂದು ಇನ್ನೊಂದನ್ನು ತಿದ್ದುತ್ತದೆ. ನನ್ನ ಕಲ್ಲಿನಲ್ಲಿ ತಿದ್ದುವುದಕ್ಕೆ ಇನ್ನೊಂದು ಇರಲಿಲ್ಲ, ನಾನೇ ಒಂದನ್ನು ಒದಗಿಸಿದ್ದೆ. ವಾರವಾದರೂ ಉಳಿದಿದ್ದರೆ ಸ್ವಾಮಿಕಣ್ಣು ಪಿಳ್ಳೆಯವರ ಎಫೆಮೆರಿಸ್ ತೆರೆದು, ಯಾವ ಸೌಮ್ಯದಲ್ಲಿ ಆ ತಿಥಿ ಆ ವಾರಕ್ಕೆ ಬಿತ್ತು ಎಂದು ನೋಡಬಹುದಿತ್ತು. ಉಳಿದಿಲ್ಲ.

“ಬೇಗೂರಿನ ವೀರಗಲ್ಲು ನೋಡಿದೀಯ?” ನೋಡಿದ್ದೆ, ಆತಕೂರಿನ ಕಲ್ಲಿರುವ ವಸ್ತುಸಂಗ್ರಹಾಲಯದಲ್ಲೇ. “ಎಷ್ಟು ಫಲಕ?” ಒಂದೇ, ಇಡೀ ಕಲ್ಲಿನ ತುಂಬ ಕಾಳಗ. ಗಂಗರ ಕಾಲದ ಕಲ್ಲುಗಳು ಬಹುಮಟ್ಟಿಗೆ ಹಾಗೆಯೇ. ಕಾಳಗ, ಸ್ವರ್ಗಾರೋಹಣ, ಲಿಂಗಪೂಜೆ ಅಂತ ಅಚ್ಚುಕಟ್ಟಾಗಿ ಮೂರು ಅಂತಸ್ತು ಮಾಡುವ ರೂಢಿ ಹೆಚ್ಚಾಗಿ ಕಾಣುವುದು ನಂತರದಲ್ಲಿ. ಇದೇ ಪುರಾವೆಯಾಗುವುದಿಲ್ಲ, ಆದರೆ ನೋಡಿದವರಿಗೆ ಅನುಮಾನ ಬರಬೇಕಿತ್ತು. ನಾನು ಆ ಕಲ್ಲಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡಿದ್ದೆ.

ಕೊನೆಗೆ, “ಕೆಳಗಿನ ಫಲಕದಲ್ಲಿ ಏನಿದೆ?” ಅಂದರು. ಮಣ್ಣಲ್ಲಿದೆ ಸರ್ ಅಂದೆ. ಅವರು ಕರಡನ್ನು ನನ್ನ ಕಡೆಗೆ ಸರಿಸಿದರು.

ಆವತ್ತು ಹಾಸ್ಟೆಲ್ಲಿಗೆ ಬಂದು ಅತ್ತದ್ದು ಅಧ್ಯಾಯ ಹೋಯಿತಲ್ಲ ಎಂಬುದಕ್ಕಿಂತ ಹೆಚ್ಚಾಗಿ ಲ್ಯಾಮಿನೇಷನ್ ನೆನಪಾಗಿ. ಫೆಲೋಶಿಪ್ಪಿನ ಅವಧಿ ಇನ್ನೆಷ್ಟು ತಿಂಗಳಿದೆ ಎಂಬ ಲೆಕ್ಕವೂ ಇತ್ತು ಅನ್ನಿ. ಗೆಳತಿಯೊಬ್ಬಳು, “ಅವರೇನೂ ತಪ್ಪು ಅಂದಿಲ್ವಲ್ಲ, 949 ಆಗಿರೋ ಸಾಧ್ಯತೆ ಇದ್ದೇ ಇದೆ, ಅಡಿಟಿಪ್ಪಣಿ ಹಾಕಿ ಮುಂದೆ ಹೋಗು” ಅಂದಳು. ಎರಡು ವಾರ ಆ ಅಡಿಟಿಪ್ಪಣಿಯನ್ನು ಬರೆಯಲು ನೋಡಿದೆ. ಬರೆದಷ್ಟೂ ಅದು ಪುಟದ ಮೇಲಿನ ವಾಕ್ಯವನ್ನೇ ತಿನ್ನುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಮತ್ತೆ ಆ ಊರಿಗೆ ಹೋದೆ. ಬಸ್ಸಿಳಿದು ಕೆರೆ ಏರಿಯ ಕಡೆ ತಿರುಗುತ್ತಿದ್ದ ಹಾಗೇ ಕಂಡದ್ದು ಬೋರ್ಡು. ಹುಣಸೆಮರದ ಪಕ್ಕ ಎರಡು ಕಬ್ಬಿಣದ ಕಂಬಗಳ ಮೇಲೆ, ಹಳದಿ ಕೆಂಪು ಬಣ್ಣದಲ್ಲಿ, ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸದೆಬಡಿದು ವೀರಸ್ವರ್ಗ ಸೇರಿದ ನಮ್ಮೂರಿನ ಹೆಮ್ಮೆಯ ಕುವರ. ಕೆಳಗೆ ಇಸವಿ 949. ಅದರ ಕೆಳಗೆ, ಸಂಶೋಧನೆ ಅಂತ ಬರೆದು ನನ್ನ ಹೆಸರು, ಹೆಸರಿನ ಹಿಂದೆ ಇನ್ನೂ ಬಾರದ ಡಾಕ್ಟರ್ ಪಟ್ಟ. ಊರಿನ ಹುಡುಗರು ಚಂದಾ ಎತ್ತಿ ಹಾಕಿಸಿದ್ದರು. ಕಲ್ಲಿನ ಸುತ್ತ ಸಣ್ಣ ಸಿಮೆಂಟ್ ಕಟ್ಟೆ ಕಟ್ಟಲು ಇಟ್ಟಿಗೆ ತಂದಿಟ್ಟಿದ್ದರು. ಇನ್ನೊಂದು ತಿಂಗಳು ತಡಮಾಡಿದ್ದರೆ ಕೆಳಗಿನ ಫಲಕ ಕಾಂಕ್ರೀಟಿನೊಳಗೆ ಹೋಗುತ್ತಿತ್ತು.

ಅಗೆಯಬೇಕು ಅಂದಾಗ ಊರಿನ ಹಿರಿಯರು ಒಪ್ಪಲು ಎರಡು ದಿನ ಬೇಕಾಯಿತು. ಪೂಜೆಯಾದ ಮೇಲೆ, ಕಲ್ಲು ಅಲುಗದಂತೆ ಮುಂಭಾಗದ ಮಣ್ಣನ್ನಷ್ಟೇ ಸಣ್ಣ ಕರಣೆಯಿಂದ, ಆಮೇಲೆ ಕೈಯಿಂದ ಬಿಡಿಸಿದೆವು. ಒಡೆದ ಬಳೆ ಚೂರು, ಕರ್ಪೂರದ ಮಸಿ, ಒಂದು ಎಂಟಾಣೆ. ಒಂದೂವರೆ ಅಡಿ ಇಳಿಯುವಷ್ಟರಲ್ಲಿ ಕೊಂಬು ಕಂಡಿತು. ಇನ್ನೊಂದು ಕೊಂಬು. ಬಿಲ್ಲು ಹಿಡಿದ ವೀರ, ಅವನೆದುರು ಇಬ್ಬರು, ಹಿಂದೆ ಸಾಲಾಗಿ ತಲೆಯೆತ್ತಿದ ದನಗಳು. ತುರುಗೊಳ್. ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿ ಸತ್ತವನು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ, ಪ್ರಬಂಧ ಬರೆಯುವವರು ಒಂದು ಸಾಲಿನಲ್ಲಿ ದಾಟಿಬಿಡುವ ಸಾವು.

ಆ ಫಲಕದ ಮೇಲಿನ ಪಟ್ಟಿಯಲ್ಲಿ ಒಂದೂವರೆ ಸಾಲು ಅಕ್ಷರ. ಈ ಸಲ ಮೊಬೈಲ್ ಫೋಟೋ ನಂಬಲಿಲ್ಲ. ನೀರಿನಿಂದ ತೊಳೆದು, ಮೆತ್ತನೆ ಬ್ರಷ್‌ನಿಂದ ಸಂದುಗಳ ಮಣ್ಣು ತೆಗೆದು, ಒದ್ದೆ ಕಾಗದ ಹೊದಿಸಿ, ಅಕ್ಷರದ ಕುಳಿಗಳಿಗೆ ಅದು ಇಳಿಯುವಂತೆ ಬ್ರಷ್‌ನಿಂದ ತಟ್ಟಿ, ಆರುತ್ತ ಬಂದಾಗ ಮೇಲೆ ಮಸಿ ಒತ್ತಿದೆವು. ಪಡಿಯಚ್ಚು ತೆಗೆಯುವುದೆಂದರೆ ಇಷ್ಟೇ, ಆದರೆ ಇಷ್ಟು ಮಾಡಲು ಅರ್ಧ ದಿನ ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂರಬೇಕು. ಕೂತಾಗ ಕಾಣುವುದು ನಿಂತಾಗ ಕಾಣುವುದಿಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದ ಹೊತ್ತಿನಲ್ಲಿ, ಕಾಗದದ ಮೇಲೆ ಕಪ್ಪಿನ ನಡುವೆ ಬೆಳ್ಳಗೆ ‘ತುಱು’ ಎಂಬುದನ್ನು ಓದಿದೆ, ಹಳೆಯ ಱಕಾರದ ಜೊತೆ. ಆಮೇಲೆ ಒಂದಷ್ಟು ಚೆಕ್ಕೆಯೆದ್ದು ಹೋಗಿದೆ. ಆಮೇಲೆ ‘ಚೋೞ ಗಾವುಂಡ’.

ನಾನು ಎಷ್ಟೋ ಹೊತ್ತು ಅದನ್ನು ಬೇರೆ ಏನಾದರೂ ಮಾಡಲು ನೋಡಿದೆ. ಆಗಲಿಲ್ಲ. ಚೋಳರು ತಲಕಾಡನ್ನು ಹಿಡಿದದ್ದು ಕ್ರಿ.ಶ. 1004ರ ಸುಮಾರಿಗೆ. ಗಂಗರ ಆಳ್ವಿಕೆ ಅಲ್ಲಿಗೆ ಮುಗಿಯಿತು. ತಲಕಾಡು ರಾಜರಾಜಪುರವಾಯಿತು, ಗಂಗವಾಡಿ ಮುಡಿಗೊಂಡಚೋಳ ಮಂಡಲವಾಯಿತು. 1116ರಲ್ಲಿ ವಿಷ್ಣುವರ್ಧನ ತಲಕಾಡನ್ನು ಗೆದ್ದು ತಲಕಾಡುಗೊಂಡ ಎನ್ನಿಸಿಕೊಳ್ಳುವವರೆಗೆ, ನೂರು ವರ್ಷಕ್ಕೂ ಹೆಚ್ಚು ಕಾಲ, ಈ ಸೀಮೆಯ ಊರಗೌಡರಲ್ಲಿ ಹಲವರು ಚೋಳ ದೊರೆಗಳ ಹೆಸರನ್ನು ತಮ್ಮ ಹೆಸರಿಗೆ ಅಂಟಿಸಿಕೊಂಡು ಬಾಳಿದರು. ನನ್ನ ವೀರನೂ ಅವರಲ್ಲೊಬ್ಬ. ಚೋಳರನ್ನು ಸದೆಬಡಿದವನಲ್ಲ, ಚೋಳರ ಹೆಸರು ಹೊತ್ತ ಗಾವುಂಡ, ತನ್ನೂರಿನ ದನಕ್ಕಾಗಿ ಸತ್ತವನು. 949 ಬಿದ್ದುಹೋಯಿತು. ಉಳಿದದ್ದು 1009 ಮತ್ತು 1069. ಎರಡಕ್ಕೂ ಚೋಳರ ಕಾಲ ಒಪ್ಪುತ್ತದೆ. ಅಕ್ಷರ ಹನ್ನೊಂದನೆಯ ಶತಮಾನದ್ದು ಅಂತ ಹೇಳಬಹುದು, ಅರವತ್ತು ವರ್ಷದ ಅಂತರವನ್ನು ಅಕ್ಷರ ನೋಡಿ ಹೇಳಿಬಿಡುತ್ತೇನೆ ಅನ್ನುವವರನ್ನು ನಾನು ಈಗ ನಂಬುವುದಿಲ್ಲ. ತಾತನ ಕೈಯಲ್ಲಿ ಕಲಿತ ಮೊಮ್ಮಗ ತಾತನ ಹಾಗೆಯೇ ಕೆತ್ತಿರಬಹುದು.

ಗಂಗರು ಹೋದ ಮೇಲಿನ ಆ ನೂರು ವರ್ಷಗಳನ್ನು ನಾನು ಅಲ್ಲಿಯವರೆಗೆ ಒಂದು ಖಾಲಿ ಜಾಗದಂತೆ ಓದಿದ್ದೆ. ಗಂಗರ ಅಧ್ಯಾಯ, ಆಮೇಲೆ ಹೊಯ್ಸಳರ ಅಧ್ಯಾಯ, ನಡುವೆ ‘ಚೋಳರ ಆಕ್ರಮಣ’ ಎಂಬ ಒಂದು ಪ್ಯಾರಾ. ಆದರೆ ಆ ಪ್ಯಾರಾದೊಳಗೆ ಜನ ಇದ್ದರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ, ಚೋಳ ರಾಜೇಂದ್ರನ ಕಾಲದ್ದು. ಗಂಡ ಏಚನನ್ನು ತಲಕಾಡಿನಲ್ಲಿ ಕೊಲ್ಲಿಸಿದರೆಂದು ತಿಳಿದು ದೇಕಬ್ಬೆ ಬೆಂಕಿ ಹೊಕ್ಕ ಕಥೆ, ಕನ್ನಡ ಪದ್ಯಗಳಲ್ಲಿ. ತಮಿಳು ದೊರೆಯ ಆಳ್ವಿಕೆಯಲ್ಲಿ ಕನ್ನಡ ಕವಿಯೊಬ್ಬ ಕೂತು, ಒಬ್ಬ ಹೆಣ್ಣುಮಗಳ ಸಾವಿಗೆ ಕಂದ ವೃತ್ತ ಕಟ್ಟುತ್ತಿದ್ದಾನೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು, ಅದೂ ಒಂದು ಪಿಎಚ್.ಡಿ. ಪ್ರಬಂಧವೇ, ಮೊದಲ ವರ್ಷ ವಂಶಾವಳಿ ಹುಡುಕಲು ತಿರುವಿದ್ದೆ. ಈ ಸಲ ಊರು, ವೀರ, ಮಹಾಸತಿ ಎಂಬ ಭಾಗಗಳನ್ನು ಮೊದಲಿನಿಂದ ಓದಿದೆ. ಪುಸ್ತಕ ಅದೇ, ಆದರೆ ಓದಿಕೊಂಡದ್ದು ಬೇರೆಯೇ ಅನ್ನಿಸಿತು. ನನ್ನ ಮೂರನೆಯ ಅಧ್ಯಾಯ ಈಗ ಆ ನೂರು ವರ್ಷಗಳ ಗಾವುಂಡರ ಬಗ್ಗೆ ಇದೆ. ತಕ್ಕೋಲ ಒಂದು ಕಡೆ ಬರುತ್ತದೆ, ಅದೂ ಆತಕೂರಿನ ನಾಯಿಯ ದೆಸೆಯಿಂದ.

ಅಗೆದ ದಿನ ನಮ್ಮ ಜೊತೆ ಇಡೀ ಹೊತ್ತು ಕೂತಿದ್ದವರು ಆ ಕಲ್ಲಿಗೆ ದೀಪ ಹಚ್ಚುವ ಅಜ್ಜಿ. ಓದಿದ್ದನ್ನು ಅವರಿಗೇ ಮೊದಲು ಹೇಳಿದೆ.

“ಅಂಗಾರೆ ಹೋದ್ಸಲ ನೀನು ಹೇಳಿದ್ದು?”

“ತಪ್ಪು ಹೇಳಿದ್ದೆ ಅಜ್ಜಿ. ಕೆಳಗಡೆ ಬರೆದಿರೋದು ನೋಡಿರಲಿಲ್ಲ.”

“ಮೊದ್ಲೇ ಅಗೆದು ನೋಡ್ಬಾರ್ದಾಗಿತ್ತೇನವ್ವ?” ಅಂದರು. ಗೈಡ್ ಕೇಳಿದ್ದೂ ಅದನ್ನೇ, ಇವರಷ್ಟು ಚುಟುಕಾಗಿ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ, ಊರಲ್ಲಿ ಯಾರ ಮನೆಯ ಹಸು ಕರು ಹಾಕಿದರೂ ಮೊದಲ ಹಾಲನ್ನು ಇಲ್ಲಿ ಎರೆದೇ ಕರೆಯುವುದು ಅಂದರು. ನನ್ನ ಎದೆ ಹೊಡೆದುಕೊಂಡಿತು. ಸಾವಿರ ವರ್ಷ! ಮಣ್ಣಿನೊಳಗೆ ಮುಚ್ಚಿಹೋದ ದನಗಳನ್ನು ಊರು ನೆನಪಿಟ್ಟುಕೊಂಡಿದೆ! ಲೇಖನದ ಕೊನೆಯ ಪ್ಯಾರಾ ಅಲ್ಲೇ ತಾನಾಗಿ ಬರೆದುಕೊಳ್ಳತೊಡಗಿತು. ಆಮೇಲೆ ನೋಟ್‌ಬುಕ್ ತೆಗೆದು ಎಡಗಡೆಯ ಪುಟದಲ್ಲಿ ಶಾಸನಪಾಠ, ಬಲಗಡೆಯ ಪುಟದಲ್ಲಿ ಅಜ್ಜಿ ಹೇಳಿದ್ದು, ಬೇರೆ ಬೇರೆಯಾಗಿ ಬರೆದುಕೊಂಡೆ. ಮೊದಲ ಹಾಲನ್ನು ನಾಗರಕಲ್ಲಿಗೆ ಎರೆಯುವ ಊರುಗಳಿವೆ, ಹುತ್ತಕ್ಕೆ ಎರೆಯುವವರಿದ್ದಾರೆ, ನಮ್ಮೂರಲ್ಲಿ ಬಾವಿಗೆ ಬಿಡುತ್ತಾರೆ. ಎರಡು ಪುಟಗಳ ನಡುವೆ ಗೆರೆ ಎಳೆದು ಜೋಡಿಸಲು ನನ್ನ ಬಳಿ ಏನೂ ಇಲ್ಲ. ಜೋಡಿಸಬೇಕೆಂಬ ಆಸೆ ಮಾತ್ರ ಈಗಲೂ ಇದೆ, ಸುಳ್ಳು ಹೇಳುವುದಿಲ್ಲ.

ಅಪ್ಪನಿಗೆ ಹೇಳಿದಾಗ ಅವರು ಕೇಳಿದ್ದು, ಹಾಗಾದರೆ ಪೇಪರಿನವರು ಮತ್ತೆ ಹಾಕುತ್ತಾರಾ ಅಂತ. ತಿದ್ದುಪಡಿ ಬರೆದು ಕಳಿಸಿದ್ದೆ, ಬಂದಿಲ್ಲ. ಲ್ಯಾಮಿನೇಷನ್ ಟಿವಿಯ ಪಕ್ಕದಲ್ಲೇ ಇದೆ. ತೆಗೆಯಿರಿ ಅಂತ ನಾನೂ ಹೇಳಿಲ್ಲ.

ಬೋರ್ಡಿನ ವಿಷಯ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಚಂದಾ ಎತ್ತಿದ ಹುಡುಗರು ಮುಖ ಸಣ್ಣದು ಮಾಡಿಕೊಂಡರು. “ದನ ಕಾಯೋಕೆ ಹೋಗಿ ಸತ್ತ ಅಂತ ಹಾಕೋದಾ ಅಕ್ಕ?” ಅಂತ ಒಬ್ಬ ಕೇಳಿದ. ಕಾಯೋಕಲ್ಲ, ಬಿಡಿಸೋಕೆ ಅಂದೆ. ಆವತ್ತಿನ ಊರಿಗೆ ದನ ಅಂದರೆ ಉಳುಮೆ, ಗೊಬ್ಬರ, ಹಾಲು ಎಲ್ಲ, ರಾಜನಿಗಾಗಿ ಸತ್ತವರಿಗಿಂತ ಊರಿಗಾಗಿ ಸತ್ತವನ ಕಲ್ಲನ್ನು ನಿಲ್ಲಿಸಲು ಊರಿನವರಿಗೆ ಹೆಚ್ಚಿನ ಕಾರಣವಿತ್ತು ಎಂದೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು, ಒಪ್ಪಿದರೋ ಗೊತ್ತಾಗಲಿಲ್ಲ. ಕಟ್ಟೆಯನ್ನು ಮಾತ್ರ ಕೆಳಗಿನ ಫಲಕ ಕಾಣುವ ಹಾಗೆ ಮುಂದೆ ಜಾಗ ಬಿಟ್ಟು ಕಟ್ಟಿದರು. ಹೊಸ ಬೋರ್ಡಿನ ಖರ್ಚಿನಲ್ಲಿ ಅರ್ಧ ನನ್ನದು ಎಂದು ಮಾತಾಯಿತು. ಹೆಸರಿನ ಹಿಂದಿನ ‘ಡಾ.’ ತೆಗೆಸುವುದಕ್ಕೂ ಇದೇ ಸಮಯ.

ಹೋದ ವಾರ ಬೋರ್ಡು ಬರೆಯುವ ಹುಡುಗ ಫೋನ್ ಮಾಡಿದ್ದ. “ಮೇಡಂ, 1009 ಅಥವಾ 1069 ಅಂತ ಕೊಟ್ಟಿದೀರ. ಎರಡರಲ್ಲಿ ಯಾವುದು ಹಾಕ್ಲಿ?”

ಎರಡೂ ಹಾಕಿ ಅಂದೆ.

“‘ಅಥವಾ’ನೂ ಹಾಕ್ಬೇಕಾ? ಜಾಗ ಸಾಲಲ್ಲ.”

ಹಾಕಬೇಕು, ನನ್ನ ಹೆಸರು ತೆಗೆದುಬಿಡಿ, ಜಾಗ ಆಗುತ್ತೆ ಅಂದೆ.